ಮಾರ್ಟಿನ್ ನಿಜಕ್ಕೂ ಟೈಬರ್‌ನ ವಂಶದವನೇ? ಸೆಪ್ಟಿಮ್ ಮನೆತನದ ಗಂಟುಗಳು

ಪ್ರಶ್ನೆ: ಎಲ್ಡರ್ ಸ್ಕ್ರೋಲ್ಸ್ ಗೇಮ್‌ಗಳ ಸೆಪ್ಟಿಮ್ ರಾಜಮನೆತನದ ವಂಶವೃಕ್ಷ ಬರೆಯಲು ಕೂತಿದ್ದೇನೆ. ಮೂಲಪುರುಷ ಟೈಬರ್ ಸೆಪ್ಟಿಮ್ ಉತ್ತರದ ಖಂಡ ಅಟ್ಮೋರಾದಲ್ಲಿ ಹುಟ್ಟಿದ ಎಂದು ಒಂದು ಪುಸ್ತಕ ಹೇಳಿದರೆ, ಹೈ ರಾಕ್ ಪ್ರಾಂತ್ಯದ ಆಲ್ಕೇರ್‌ನಲ್ಲಿ ಎಂದು ಇನ್ನೊಂದು ಹೇಳುತ್ತದೆ. ಅವನ ಮೊಮ್ಮಗ ಸತ್ತ ಮೇಲೆ ಪಟ್ಟ ಟೈಬರ್‌ನ ಒಡಹುಟ್ಟಿದವನ ಮಗಳಿಗೆ ಹೋಗಿದೆ. ನಡುವೆ ಡಾರ್ಕ್ ಎಲ್ಫ್ ರಾಣಿಯೊಬ್ಬಳು ಆಳಿದ್ದಾಳೆ. ಇಷ್ಟಾದರೂ ಆಬ್ಲಿವಿಯನ್ ಗೇಮ್‌ನಲ್ಲಿ ಸಾಮ್ರಾಟ ಯೂರಿಯಲ್ VIIನ ಗುಟ್ಟಿನ ಮಗ ಮಾರ್ಟಿನ್ ‘ಸೆಪ್ಟಿಮ್ ರಕ್ತ’ದವನು, ಹಾಗಾಗಿಯೇ ಸಾಮ್ರಾಟರ ಕೊರಳ ಪದಕ ಅಮ್ಯುಲೆಟ್ ಆಫ್ ಕಿಂಗ್ಸ್ ಅವನ ಕೊರಳಿಗೆ ಒಲಿಯಿತು ಎನ್ನುತ್ತಾರೆ. ಇದೆಲ್ಲ ಬರೆದವರ ಎಡವಟ್ಟೇ? ಯಾವುದನ್ನು ನಂಬಿ ಗೆರೆ ಎಳೆಯಲಿ?

ಉತ್ತರ: ಮೊದಲು ನೇರ ಉತ್ತರ. ಆಟದೊಳಗಿನ ಅಧಿಕೃತ ಇತಿಹಾಸವನ್ನೇ ನಂಬಿದರೂ ಮಾರ್ಟಿನ್ ಟೈಬರ್‌ನ ನೇರ ಸಂತತಿ ಅಲ್ಲ. ಹೆಚ್ಚೆಂದರೆ ಟೈಬರ್‌ನ ಸಹೋದರ ಅಗ್ನೊರಿತ್‌ನ ಕವಲಿನವನು. ಆ ಕವಲು ಕೂಡ ಮಧ್ಯದಲ್ಲಿ ಒಂದೆರಡು ಕಡೆ ಕಾಣೆಯಾಗುತ್ತದೆ. ಆದರೂ ಅಮ್ಯುಲೆಟ್ ಅವನಿಗೆ ಒಲಿದದ್ದರಲ್ಲಿ ವಿರೋಧ ಇರಲೇಬೇಕೆಂದಿಲ್ಲ. ಏಕೆಂದರೆ ನೀವು ಒಂದೇ ಗಂಟಿನಲ್ಲಿ ಕಟ್ಟಿದ ಈ ತೊಡಕುಗಳು ಒಂದೇ ಜಾತಿಯವಲ್ಲ. ಕೆಲವು ಬರೆದವರು ಬೇಕೆಂದೇ ಇಟ್ಟ ಜಗಳ, ಕೆಲವು ಶುದ್ಧ ಕೈತಪ್ಪು, ಇನ್ನು ಕೆಲವು ಒಂದು ಗೇಮ್ ಬಂದ ಎಷ್ಟೋ ವರ್ಷಕ್ಕೆ ಮತ್ತೊಂದು ಗೇಮ್ ನಿಯಮ ಬದಲಿಸಿದ್ದರಿಂದ ಹುಟ್ಟಿದವು. ಮೂರಕ್ಕೂ ಒಂದೇ ಮದ್ದು ಹಾಕಿದರೆ ಮರ ನೆಟ್ಟಗಾಗುವುದಿಲ್ಲ.

ಕೆಲಸ ಶುರು ಮಾಡುವ ಮುನ್ನ ಪ್ರತಿ ಆಕರಕ್ಕೂ ಎರಡು ದಿನಾಂಕ ಬರೆದುಕೊಳ್ಳಿ. ಒಂದು, ಕಥಾಲೋಕದಲ್ಲಿ ಆ ಪುಸ್ತಕವನ್ನು ಬರೆದವರು ಯಾರು, ಯಾವ ಯುಗದ ಎಷ್ಟನೇ ವರ್ಷದಲ್ಲಿ ಬರೆದರು. ಇನ್ನೊಂದು, ನಮ್ಮ ಲೋಕದಲ್ಲಿ ಅದು ಮೊದಲು ಯಾವ ಗೇಮ್‌ನಲ್ಲಿ ಬಂತು. ಲೋರ್ (ಗೇಮ್‌ನ ಕಥಾಲೋಕದ ಇತಿಹಾಸ) ಚರ್ಚೆಗಳಲ್ಲಿ ಅರ್ಧದಷ್ಟು ಜಗಳ ಈ ಎರಡನೆಯ ದಿನಾಂಕವನ್ನು ಮರೆಯುವುದರಿಂದಲೇ ಆಗುವುದು. ಉದಾಹರಣೆಗೆ ‘ಬ್ರೀಫ್ ಹಿಸ್ಟರಿ ಆಫ್ ದಿ ಎಂಪೈರ್’ ಎಂಬ ನಾಲ್ಕು ಭಾಗದ ಇನ್-ಗೇಮ್ ಪುಸ್ತಕ. ಕಥೆಯೊಳಗೆ ಅದನ್ನು ಬರೆದವನು ಸಾಮ್ರಾಜ್ಯದ ಅಧಿಕೃತ ಇತಿಹಾಸಕಾರ ಸ್ಟ್ರೊನಾಕ್ ಕ್'ಥೋಜ್ III. ನಮ್ಮ ಲೋಕದಲ್ಲಿ ಅದು ಮೊದಲು ಬಂದದ್ದು 1996ರ ಡ್ಯಾಗರ್‌ಫಾಲ್‌ನಲ್ಲಿ. ಸಾಮ್ರಾಟನು ಡ್ರ್ಯಾಗನ್‌ಫೈರ್ಸ್ ಎಂಬ ಪವಿತ್ರ ದೀಪ ಹೊತ್ತಿಸದಿದ್ದರೆ ಆಬ್ಲಿವಿಯನ್ ಎಂಬ ರಾಕ್ಷಸಲೋಕದ ಬಾಗಿಲು ತೆರೆಯುತ್ತದೆ ಎಂಬ ನಿಯಮ ಕಥೆಯ ನಡುಬೆನ್ನಾದದ್ದು 2006ರಲ್ಲಿ, ಅದೇ ಹೆಸರಿನ ಗೇಮ್‌ನಲ್ಲಿ. ಹತ್ತು ವರ್ಷದ ಅಂತರ. 1996ರ ಪುಸ್ತಕಕ್ಕೆ ಪಟ್ಟ ಎಂದರೆ ರಾಜಕೀಯ ಅಷ್ಟೇ: ಯಾರು ಸತ್ತರು, ಯಾರು ಕೂತರು, ಎಲ್ಡರ್ ಕೌನ್ಸಿಲ್ ಎಂಬ ಆಡಳಿತ ಸಭೆ ಯಾರ ಕಡೆ ವಾಲಿತು. ಅಮ್ಯುಲೆಟ್ ಧರಿಸಲು ಬೇಕೆನ್ನುವ ಡ್ರ್ಯಾಗನ್ ರಕ್ತದ ಸುಳಿವೇ ಅದರಲ್ಲಿಲ್ಲ. ನಿಮ್ಮ ಮುಖ್ಯ ಪ್ರಶ್ನೆ ಹುಟ್ಟಿದ್ದು ಈ ಅಂತರದಲ್ಲಿ.

ಈಗ ಮೊದಲ ಗಂಟು: ಪೆಲಾಜಿಯಸ್ I ಮತ್ತು ಕಿಂಟೈರಾ I. ಇದು ಚಿಕ್ಕದಾಗಿ ಕಂಡರೂ ಇಡೀ ಮರದ ಬುಡ ಇಲ್ಲೇ ಇದೆ, ಹಾಗಾಗಿ ನಿಧಾನವಾಗಿ ನೋಡೋಣ.

ಬ್ರೀಫ್ ಹಿಸ್ಟರಿಯ ಮೊದಲ ಭಾಗ ಹೇಳುವುದಿಷ್ಟು. ಎರಡನೇ ಯುಗ 896ರಲ್ಲಿ ಟೈಬರ್ ಇಡೀ ಟ್ಯಾಮ್ರಿಯೆಲ್ ಖಂಡ ಗೆದ್ದು ಮೂರನೇ ಯುಗ ಘೋಷಿಸಿದ. 38 ವರ್ಷ ಆಳಿದ. ಅವನ ನಂತರ ಮೊಮ್ಮಗ ಪೆಲಾಜಿಯಸ್ ಪಟ್ಟಕ್ಕೆ ಬಂದ. ‘ತಂದೆಯಷ್ಟೇ ಗಟ್ಟಿಗ’ ಎಂಬ ಮಾತೂ ಅಲ್ಲೇ ಬರುತ್ತದೆ. ಮೂರು ವರ್ಷ ತುಂಬುವ ಮೊದಲೇ, ಟೆಂಪಲ್ ಆಫ್ ದಿ ಒನ್‌ನಲ್ಲಿ ಪ್ರಾರ್ಥನೆಗೆ ಮಂಡಿಯೂರಿದ್ದಾಗ ಡಾರ್ಕ್ ಬ್ರದರ್‌ಹುಡ್ ಎಂಬ ಕೊಲೆಗಡುಕರ ಕೂಟ ಅವನನ್ನು ಕೊಂದಿತು. ಮಕ್ಕಳಿರಲಿಲ್ಲ. ಪಟ್ಟ ಅವನ ‘ಫಸ್ಟ್ ಕಸಿನ್’, ಅಂದರೆ ಟೈಬರ್‌ನ ಸಹೋದರ ಅಗ್ನೊರಿತ್‌ನ ಮಗಳು, ಸಿಲ್ವೆನಾರ್‌ನ ರಾಣಿಯಾಗಿದ್ದ ಕಿಂಟೈರಾಗೆ ಹೋಯಿತು.

ಕಾಗದದ ಮೇಲೆ ಬರೆದು ನೋಡಿ. ಟೈಬರ್ ಮತ್ತು ಅಗ್ನೊರಿತ್ ಅಣ್ಣತಮ್ಮಂದಿರು. ಅಗ್ನೊರಿತ್‌ನ ಮಗಳು ಕಿಂಟೈರಾ. ಹಾಗಿದ್ದರೆ ಟೈಬರ್‌ನ ಮಗನಿಗೆ ಅವಳು ಅಕ್ಕನೋ ತಂಗಿಯೋ ಆಗಬೇಕು. ಟೈಬರ್‌ನ ಮೊಮ್ಮಗನಿಗೆ ಅವಳು ಅತ್ತೆ. ಪುಸ್ತಕ ಹೇಳುವ ‘ಫಸ್ಟ್ ಕಸಿನ್’ ಸಂಬಂಧ ಹೊಂದಬೇಕಾದರೆ ಪೆಲಾಜಿಯಸ್ ಟೈಬರ್‌ನ ಮಗನಾಗಿರಬೇಕು, ಮೊಮ್ಮಗನಲ್ಲ. ‘ತಂದೆಯಷ್ಟೇ ಗಟ್ಟಿಗ’ ಎಂಬ ಮಾತಿಗೂ ಅದೇ ಹೊಂದುವುದು. ಆಳಿದ ಟೈಬರ್‌ನನ್ನು ಬಿಟ್ಟು, ಹೆಸರೇ ಇಲ್ಲದ, ಪಟ್ಟವೇರದ ತಂದೆಯೊಬ್ಬನ ಗಟ್ಟಿತನವನ್ನು ಇತಿಹಾಸಕಾರ ಹೊಗಳುವುದೇಕೆ? ಒಂದೇ ಪುಟದಲ್ಲಿ ಎರಡು ಮಾತು ‘ಮಗ’ ಎನ್ನುತ್ತವೆ, ಒಂದು ಮಾತು ‘ಮೊಮ್ಮಗ’ ಎನ್ನುತ್ತದೆ.

ಇದು ಒಗಟಲ್ಲ, ಕೈತಪ್ಪು. ಯಾರ ಹಿತಕ್ಕೂ ಈ ಸುಳ್ಳು ಬೇಕಾಗಿಲ್ಲ. ಇದರಿಂದ ಯಾವ ಪಾತ್ರಕ್ಕೂ ಲಾಭವಿಲ್ಲ, ಯಾವ ಕ್ವೆಸ್ಟೂ ಇದನ್ನು ಮುಟ್ಟುವುದಿಲ್ಲ. ಬೇಕೆಂದೇ ಇಟ್ಟ ವಿರೋಧವನ್ನೂ ತಪ್ಪನ್ನೂ ಬೇರ್ಪಡಿಸುವ ಅತ್ಯುತ್ತಮ ಪರೀಕ್ಷೆ ಇದೇ: ಈ ಸುಳ್ಳಿನಿಂದ ಕಥೆಯೊಳಗೆ ಯಾರಿಗೆ ಏನು ಸಿಗುತ್ತದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಬಹುಮಟ್ಟಿಗೆ ಅದು ಬರೆಯುವಾಗ ಆದ ಎಡವಟ್ಟು. ಮರದಲ್ಲಿ ‘ಮೊಮ್ಮಗ’ ಎಂದೇ ಇಡಿ, ಏಕೆಂದರೆ ನೇರವಾಗಿ ಹೇಳಿದ ಸಂಬಂಧ ಅದು. ಕಿಂಟೈರಾ ಮಾತ್ರ ಅವನಿಗೆ ಒಂದು ತಲೆಮಾರು ಮೇಲೆ, ಅತ್ತೆಯ ಸಾಲಿನಲ್ಲಿ ಬರಲಿ.

ವರ್ಷಗಳ ಲೆಕ್ಕವೂ ಇದಕ್ಕೆ ಒಗ್ಗುತ್ತದೆ. ಮೂರನೇ ಯುಗದ 38ರಲ್ಲಿ ಟೈಬರ್ ತೀರಿಕೊಂಡ, ಸುಮಾರು 41ರಲ್ಲಿ ಕಿಂಟೈರಾ ಬಂದಳು. ಅವಳ ಮಗ ಯೂರಿಯಲ್ I ಸತ್ತದ್ದು 64ರಲ್ಲಿ. ಅಂದರೆ ತಾಯಿ ಮಗ ಇಬ್ಬರ ಆಳ್ವಿಕೆಗೂ ಸೇರಿ ಸಿಗುವುದು 23 ವರ್ಷ ಮಾತ್ರ. ಟೈಬರ್‌ನ ತಲೆಮಾರಿನವನ ಮಗಳು ಪಟ್ಟಕ್ಕೆ ಬರುವ ಹೊತ್ತಿಗೆ ವಯಸ್ಸಾದವಳೇ ಆಗಿದ್ದಾಳು, ಹಾಗಾಗಿ ಚುಟುಕು ಆಳ್ವಿಕೆಗಳು ಸಹಜ. ಮುಂದೆ ಯೂರಿಯಲ್ II 18 ವರ್ಷ ಆಳಿದ ಎನ್ನುತ್ತಾರೆ. 64ರಿಂದ 82, ಸರಿಯಾಗಿ 18. ಕೊನೆಯ ತುದಿಯಲ್ಲೂ ಹೀಗೇ ತಾಳೆ ನೋಡಬಹುದು. ಆಬ್ಲಿವಿಯನ್ ಶುರುವಾಗುವಾಗ ಯೂರಿಯಲ್ VII ತನ್ನ ವಯಸ್ಸು 87, ಆಳಿದ್ದು 65 ವರ್ಷ ಎನ್ನುತ್ತಾನೆ. ಆಟ ನಡೆಯುವುದು ಮೂರನೇ ಯುಗ 433ರಲ್ಲಿ. 65 ಕಳೆದರೆ 368. ಬ್ರೀಫ್ ಹಿಸ್ಟರಿ ಅವನ ಪಟ್ಟಾಭಿಷೇಕಕ್ಕೆ ಕೊಡುವ ವರ್ಷ ಅದೇ. ಇಸವಿಗಳಲ್ಲಿ ಈ ಪುಸ್ತಕ ಇಷ್ಟು ಚೊಕ್ಕ ಇರುವುದರಿಂದ, ನಂಟಸ್ತಿಕೆಯಲ್ಲಿ ಮಾತ್ರ ಎಡವಿದ್ದಾರೆ ಎಂದುಕೊಳ್ಳಲು ಧೈರ್ಯ ಬರುತ್ತದೆ.

ಎರಡನೆಯದು ಟೈಬರ್‌ನ ಹುಟ್ಟೂರು. ಇಲ್ಲಿ ಲೆಕ್ಕಾಚಾರ ಪೂರ್ತಿ ಬೇರೆ, ಏಕೆಂದರೆ ಇಲ್ಲಿ ಸುಳ್ಳು ಹೇಳಲು ಎರಡೂ ಕಡೆಯವರಿಗೆ ಕಾರಣವಿದೆ.

ಸಾಮ್ರಾಜ್ಯದ ಪರ ಕಥೆ 1998ರ ರೆಡ್‌ಗಾರ್ಡ್ ಗೇಮ್ ಜೊತೆ ಬಂದ ಪಾಕೆಟ್ ಗೈಡ್‌ನಲ್ಲಿದೆ. ಟ್ಯಾಲೋಸ್ (ಟೈಬರ್‌ನ ಇನ್ನೊಂದು ಹೆಸರು) ಅಟ್ಮೋರಾದಲ್ಲಿ ಹುಟ್ಟಿದ, ನಾರ್ಡ್ ಜನರ ಪ್ರಾಂತ್ಯ ಸ್ಕೈರಿಮ್‌ನಲ್ಲಿ ಯುದ್ಧವಿದ್ಯೆ ಕಲಿತ, ರಾಜ ಕುಲೆಕೇನ್‌ನ ಸೇನಾಪತಿಯಾದ. ಒಂದು ರಾತ್ರಿ ವೆಸ್ಟರ್ನ್ ರೀಚ್‌ನ ಕೊಲೆಗಾರ ಬಂದು ಕುಲೆಕೇನ್‌ನನ್ನು ಕೊಂದ, ಟ್ಯಾಲೋಸ್‌ನ ಗಂಟಲು ಸೀಳಿದ. ಟ್ಯಾಲೋಸ್ ಬದುಕಿ ಸಾಮ್ರಾಟನಾದ. ಇದಕ್ಕೆ ಎದುರು 2002ರ ಮಾರೋವಿಂಡ್‌ನಲ್ಲಿ ಸಿಗುವ ‘ಆರ್ಕ್ಟೂರಿಯನ್ ಹೆರೆಸಿ’. ಅದರ ಪ್ರಕಾರ ಅವನ ಹೆಸರು ಹಿಯಾಲ್ಟಿ ಅರ್ಲಿ-ಬಿಯರ್ಡ್, ಹುಟ್ಟಿದ್ದು ಹೈ ರಾಕ್‌ನ ಆಲ್ಕೇರ್‌ನಲ್ಲಿ, ಕುಲೆಕೇನ್‌ನನ್ನು ಕೊಲ್ಲಿಸಿದವನು ಅವನೇ. ಗಾಳಿಯಂತೆ ಗುಡುಗುತ್ತಿದ್ದ ದನಿ ಅವನದಲ್ಲ, ಅವನ ಬೆನ್ನಿಗೆ ನಿಂತಿದ್ದ ಪ್ರಾಚೀನ ನಾರ್ಡ್ ರಾಜ ವುಲ್ಫ್‌ಹಾರ್ತ್‌ನ ಪ್ರೇತದ್ದು.

ಅಧಿಕೃತ ಕಥೆಯಲ್ಲಿ ಒಂದು ತೂತಿದೆ. ಅಟ್ಮೋರಾದಿಂದ ಜನ ಬರುವುದು ಮೊದಲ ಯುಗದ ಆದಿಯಲ್ಲೇ ನಿಂತುಹೋಗಿತ್ತು. ಅದು ಹೆಪ್ಪುಗಟ್ಟಿದ ನಾಡು. ಎರಡನೇ ಯುಗದ ಕೊನೆಗೆ ಅಲ್ಲಿಂದ ಒಬ್ಬ ಹುಡುಗ ಬಂದ ಎಂದರೆ ನಾರ್ಡ್‌ಗಳ ಮುಂದೆ ರಾಜನಾಗಲು ಹೊರಟವನು ಹೇಳಿಕೊಳ್ಳುವ ಮಾತಿನಂತೆಯೇ ಇದೆ. ಹೆರೆಸಿಯಲ್ಲೂ ತೂತಿದೆ: ಅದನ್ನು ಬರೆದವನು ಅಂಡರ್‌ಕಿಂಗ್ ಎಂದು ಹೇಳಲಾಗಿದೆ, ಅಂದರೆ ಟೈಬರ್‌ನಿಂದ ಮೋಸಹೋದೆ ಎನ್ನುವ ಕಕ್ಷಿದಾರನೇ ಸಾಕ್ಷಿ ನುಡಿಯುತ್ತಿದ್ದಾನೆ.

ಇಂಥ ಕಡೆ ಪುಸ್ತಕಗಳನ್ನು ಬಿಟ್ಟು ಆಟದಲ್ಲಿ ಕಣ್ಣೆದುರು ನಡೆಯುವುದನ್ನು ಹುಡುಕಬೇಕು. ಸ್ಕೈರಿಮ್ ಗೇಮ್‌ನಲ್ಲಿ (2011) ಅದು ಸಿಗುತ್ತದೆ. ಮಾರ್ಕಾರ್ತ್ ಇರುವ ರೀಚ್ ಸೀಮೆಯ ಓಲ್ಡ್ ಹ್ರೊಲ್ಡನ್ ಛತ್ರಕ್ಕೆ ಹೋಗಿ, ಟೈಬರ್ ಸೆಪ್ಟಿಮ್ ಮಲಗಿದ್ದ ಕೋಣೆ ಎಂದು ತೋರಿಸುವ ಕೋಣೆಯನ್ನು ಬಾಡಿಗೆಗೆ ಪಡೆದು ಮಲಗಿ. ಏಳುವ ಹೊತ್ತಿಗೆ ಮಂಚದ ಬಳಿ ಸೈನಿಕನೊಬ್ಬನ ಪ್ರೇತ ನಿಂತಿರುತ್ತದೆ. ಅದು ನಿಮ್ಮನ್ನು ಕರೆಯುವುದು ‘ಹಿಯಾಲ್ಟಿ’ ಎಂದು! ಹ್ರೊಲ್ಡನ್ ಕೋಟೆಗೆ ಮುತ್ತಿಗೆ ಹಾಕಿದಾಗ ಕೊಟ್ಟ ಮಾತಿನಂತೆ ನಿನ್ನ ಕತ್ತಿ ಕೊಡು, ನಾವು ಸೋದರರಾಗೋಣ ಎನ್ನುತ್ತದೆ. ಕತ್ತಿ ಹುಡುಕಿ ತಂದುಕೊಟ್ಟರೆ ಮಾತ್ರ ಅದಕ್ಕೆ ಬಿಡುಗಡೆ. ಈ ಪ್ರೇತಕ್ಕೆ ಪುಸ್ತಕ ಬರೆಯುವ ಹಂಗಿಲ್ಲ, ಸಾಮ್ರಾಜ್ಯದ ಭಯವಿಲ್ಲ. ಹಾಗಾಗಿ ‘ಹಿಯಾಲ್ಟಿ ಎಂಬ ಹೆಸರು ಹೆರೆಸಿಯವರು ಕಟ್ಟಿದ ಕಥೆ’ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಆದರೆ ಪ್ರೇತ ಸಾಬೀತು ಮಾಡುವುದು ಹೆಸರನ್ನು, ಆ ಯುದ್ಧದಲ್ಲಿ ಅವನು ಇದ್ದುದನ್ನು. ಆಲ್ಕೇರ್‌ನಲ್ಲಿ ಹುಟ್ಟಿದ ಎಂಬುದನ್ನಲ್ಲ. ಇಲ್ಲಿ ಅನೇಕರು ಒಂದು ಹೆಜ್ಜೆ ಜಾಸ್ತಿ ಇಡುತ್ತಾರೆ. ಅದೇ ಸ್ಕೈರಿಮ್‌ನಲ್ಲಿ ವೈಟ್‌ರನ್‌ನ ಟ್ಯಾಲೋಸ್ ಪ್ರತಿಮೆಯ ಮುಂದೆ ಇಡೀ ದಿನ ಕಿರುಚುವ ಹೈಮ್ಸ್ಕರ್ ಟ್ಯಾಲೋಸ್‌ನನ್ನು ‘ಉತ್ತರದಲ್ಲಿ ಹುಟ್ಟಿದವ’ ಎಂದೇ ಹಾಡಿಹೊಗಳುತ್ತಾನೆ. ಒಬ್ಬ ಸಾಕ್ಷಿ ಸಿಕ್ಕಿದ ಕೂಡಲೇ ಕೇಸು ಮುಗಿಯಲಿಲ್ಲ.

ನನ್ನ ಲೆಕ್ಕಕ್ಕೆ ಹೆಚ್ಚು ಹೊಂದುವ ಉತ್ತರ ಹೀಗಿದೆ. ‘ಫೈವ್ ಸಾಂಗ್ಸ್’ ಎಂಬ ಇನ್-ಗೇಮ್ ಪಠ್ಯ ವುಲ್ಫ್‌ಹಾರ್ತ್‌ನನ್ನು ‘ಅಟ್ಮೋರಾದ ವುಲ್ಫ್‌ಹಾರ್ತ್’ ಎಂದೇ ಕರೆಯುತ್ತದೆ. ಹೆರೆಸಿಯನ್ನು ಒಪ್ಪಿದರೆ, ಹಿಯಾಲ್ಟಿಯ ಗೆಲುವುಗಳೊಳಗೆ ವುಲ್ಫ್‌ಹಾರ್ತ್‌ನ ದನಿ ಬೆರೆತುಹೋಗಿದೆ. ಹಾಗೆಯೇ ಅವನ ಹುಟ್ಟೂರೂ ಬೆರೆತಿರಬಹುದು. ಎರಡು ಊರು ಒಬ್ಬ ಮನುಷ್ಯನದಲ್ಲ, ಇಬ್ಬರದು. ಇದು ಅನುಮಾನದ ಮೇಲೆ ಕಟ್ಟಿದ ಉತ್ತರ. ಮರದಲ್ಲಿ ಇದನ್ನು ಬರೆದರೆ ‘ಊಹೆ’ ಎಂದು ಗುರುತು ಹಾಕಲೇಬೇಕು. ಅಗ್ನೊರಿತ್‌ನ ಗತಿ ಏನು ಎನ್ನುತ್ತೀರೋ? ಅಟ್ಮೋರಾದವನೋ ಆಲ್ಕೇರ್‌ನವನೋ ಎಂದು ಅವನ ಬಗ್ಗೆ ಯಾವ ಪಠ್ಯವೂ ಬಾಯಿಬಿಡುವುದಿಲ್ಲ. ಅವನ ಹೆಸರಿನ ಮುಂದೆ ಊರು ಖಾಲಿ ಬಿಡಿ. ಅಣ್ಣನೋ ತಮ್ಮನೋ ಎಂದೂ ಹೇಳಿಲ್ಲ, ಹಾಗಾಗಿ ‘ಸಹೋದರ’ ಎಂದಷ್ಟೇ ಬರೆಯಿರಿ.

ಮಧ್ಯದ ಕಡಿತಗಳಿಗೆ ಬರೋಣ. ಹೆಚ್ಚಿನವರು ಅಗ್ನೊರಿತ್‌ನಲ್ಲೇ ನಿಲ್ಲುತ್ತಾರೆ. ಆದರೆ ಅದಕ್ಕಿಂತ ಗಟ್ಟಿ ಏಟು ಬಿದ್ದಿರುವುದು ಮೂರನೇ ಯುಗದ ಎರಡನೇ ಶತಮಾನದ ಆಸುಪಾಸಿನಲ್ಲಿ. ಪೆಲಾಜಿಯಸ್ III, ಸ್ಕೈರಿಮ್‌ನಲ್ಲಿ ಶಿಯೋಗೊರಾತ್‌ನ ಕ್ವೆಸ್ಟ್ ಮಾಡಿದವರಿಗೆ ಗೊತ್ತಿರುವ ‘ಹುಚ್ಚು ದೊರೆ’, 153ರಲ್ಲಿ 34ರ ಹರೆಯಕ್ಕೇ ಸತ್ತ. ಅವನ ಹೆಂಡತಿ ಕಟರೈಯಾ, ವ್ವಾರ್ಡೆನ್‌ಫೆಲ್‌ನ ಡಚೆಸ್, ಡಾರ್ಕ್ ಎಲ್ಫ್. ಅವಳು 46 ವರ್ಷ ಆಳಿದಳು. ನಂತರ ಮಗ ಕ್ಯಾಸಿಂಡರ್ ಎರಡೇ ವರ್ಷ. ಅವನ ಬಳಿಕ ಬಂದ ಯೂರಿಯಲ್ IV ಕಟರೈಯಾಗೆ ಗ್ಯಾಲಿವೇರ್ ಲ್ಯಾರಿಯಟ್‌ನಿಂದ ಹುಟ್ಟಿದವನು. ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಸೆಪ್ಟಿಮ್ ರಕ್ತವಿಲ್ಲ. ಕ್ಯಾಸಿಂಡರ್ ಅವನನ್ನು ಮನೆತನಕ್ಕೆ ದತ್ತು ತೆಗೆದುಕೊಂಡಿದ್ದರಿಂದ ಕಾನೂನಿನ ಲೆಕ್ಕದಲ್ಲಿ ಮಾತ್ರ ಸೆಪ್ಟಿಮ್. ಅವನು 43 ವರ್ಷ ಆಳಿದ. ಸತ್ತ ಮೇಲೆ ಕೌನ್ಸಿಲ್ ಅವನ ಮಗ ಆಂಡೊರಾಕ್‌ನ ಹಕ್ಕು ಕಿತ್ತುಕೊಂಡು, 247ರಲ್ಲಿ ‘ಮೂಲ ಸೆಪ್ಟಿಮ್ ಕವಲಿಗೆ ಹೆಚ್ಚು ಹತ್ತಿರದ’ ದಾಯಾದಿಯೊಬ್ಬನನ್ನು ಸೆಫೊರಸ್ II ಎಂದು ಕೂರಿಸಿತು.

ಹೆಚ್ಚು ಹತ್ತಿರ ಎಂದರೆ ಎಷ್ಟು ಹತ್ತಿರ? ಪುಸ್ತಕ ಹೇಳುವುದಿಲ್ಲ. ನಿಮ್ಮ ಗೆರೆ ಇಲ್ಲಿ ಕಡಿಯುತ್ತದೆ, ಕಡಿಯಲೇಬೇಕು. ಅಂದಾಜಿನ ತಂದೆತಾಯಿಯನ್ನು ತುಂಬಿಸಲು ಹೋಗಬೇಡಿ. ಜಾಗ ಖಾಲಿ ಬಿಟ್ಟು ‘ಸಂಬಂಧ ಹೇಳಿಲ್ಲ’ ಎಂದು ಬರೆಯುವುದೇ ಸರಿ. ಯೂರಿಯಲ್ IV ಮತ್ತು ಆಂಡೊರಾಕ್‌ಗೆ ದತ್ತು ಗೆರೆ, ಬೇರೆ ಬಣ್ಣದಲ್ಲಿ.

ಕ್ಯಾಸಿಂಡರ್‌ನಲ್ಲಿ ಇನ್ನೊಂದು ಸ್ವಾರಸ್ಯವಿದೆ. 1996ರ ಪುಸ್ತಕ ಅವನನ್ನು ಅರ್ಧ ಎಲ್ಫ್ ಎನ್ನುತ್ತದೆ, ಬ್ರೆಟನ್ ಎಂಬ ಮಾನವಕುಲದವರಂತೆ ಬೇಗ ಮುಪ್ಪಾದ ಎನ್ನುತ್ತದೆ. ಮಾರೋವಿಂಡ್‌ನಲ್ಲಿ ಬಂದ ‘ನೋಟ್ಸ್ ಆನ್ ರೇಷಿಯಲ್ ಫೈಲಾಜೆನಿ’ ಎಂಬ ವೈದ್ಯಗ್ರಂಥದ ಪ್ರಕಾರ ಮಗು ಸಾಮಾನ್ಯವಾಗಿ ತಾಯಿಯ ಕುಲವನ್ನೇ ಹೊಂದುತ್ತದೆ, ತಂದೆಯ ಲಕ್ಷಣ ಅಲ್ಪಸ್ವಲ್ಪ ಕಾಣಬಹುದು ಅಷ್ಟೇ. ಆ ನಿಯಮದಂತೆ ಕಟರೈಯಾಳ ಮಗ ಡಾರ್ಕ್ ಎಲ್ಫ್ ಆಗಿರಬೇಕಿತ್ತು, ದೀರ್ಘಾಯುಷಿಯೂ ಆಗಿರಬೇಕಿತ್ತು. ಇದು ನಾನು ಮೊದಲೇ ಹೇಳಿದ ಮೂರನೆಯ ಜಾತಿ: ಹಳೆಯ ಪಠ್ಯ ಹಾಗೇ ಉಳಿದಿದೆ, ನಿಯಮ ಆಮೇಲೆ ಬಂದಿದೆ. ಗ್ರಂಥವೇ ‘ಸಾಮಾನ್ಯವಾಗಿ’ ಎಂದು ಕಿಟಕಿ ತೆರೆದಿಟ್ಟಿರುವುದರಿಂದ ಕ್ಯಾಸಿಂಡರ್‌ನನ್ನು ಅಪವಾದ ಎಂದು ಬರೆದುಕೊಂಡು ಮುಂದೆ ಹೋಗಬಹುದು.

ಈಗ ಮುಖ್ಯ ಪ್ರಶ್ನೆ, ಡ್ರ್ಯಾಗನ್ ರಕ್ತ. ಇಷ್ಟೆಲ್ಲ ಕಡಿತವಾದ ಮೇಲೂ ಮಾರ್ಟಿನ್ ಹೇಗೆ ಅಮ್ಯುಲೆಟ್ ಧರಿಸಿದ?

ಆಬ್ಲಿವಿಯನ್ ಆಡುವಾಗ ಎಲ್ಲರೂ ರಕ್ತವೆಂದರೆ ಹುಟ್ಟಿನಿಂದ ಬರುವ ರಕ್ತ ಎಂಬಂತೆಯೇ ಮಾತಾಡುತ್ತಾರೆ. ಆದರೆ ಅಮ್ಯುಲೆಟ್‌ನ ಕರಾರು ಎಲ್ಲಿಂದ ಶುರುವಾಯಿತು ನೋಡಿ. ಅಕಟೋಶ್ ದೇವರು ತನ್ನ ಎದೆಯ ಡ್ರ್ಯಾಗನ್ ರಕ್ತವನ್ನು ತೆಗೆದು ಕೊಟ್ಟದ್ದು ಮೊದಲ ಸಾಮ್ರಾಜ್ಞಿ ಸಂತ ಅಲೆಸಿಯಾಗೆ, ಮೊದಲ ಯುಗದಲ್ಲಿ. ಅಲೆಸಿಯಾ ಅವನ ಮಗಳಲ್ಲ. ಅಲೆಸಿಯಾಗೂ ಮುಂದೆ ಬಂದ ಸಾಮ್ರಾಟ ರೆಮಾನ್‌ಗೂ ನಂಟಿದೆ ಎನ್ನಲು ಗಟ್ಟಿ ಆಧಾರವಿಲ್ಲ, ರೆಮಾನ್‌ಗೂ ಟೈಬರ್‌ಗೂ ಇಲ್ಲ. ಮೂರು ಮನೆತನಗಳು ಒಂದೇ ಅಮ್ಯುಲೆಟ್ ಧರಿಸಿವೆ ಎಂದಮೇಲೆ, ಅದು ಮೊದಲಿನಿಂದಲೂ ಹೆರಿಗೆಯ ಲೆಕ್ಕ ಆಗಿರಲಿಲ್ಲ. ಇದನ್ನೇ ಸ್ಕೈರಿಮ್‌ನ ‘ಬುಕ್ ಆಫ್ ದಿ ಡ್ರ್ಯಾಗನ್‌ಬಾರ್ನ್’ ನೇರವಾಗಿ ಹೇಳುತ್ತದೆ: ಡ್ರ್ಯಾಗನ್‌ಬಾರ್ನ್, ಅಂದರೆ ಡ್ರ್ಯಾಗನ್ ರಕ್ತದವನು, ಆಗುವುದು ಬರಿಯ ವಂಶಪಾರಂಪರ್ಯವಲ್ಲ, ಅಕಟೋಶ್‌ನ ಅನುಗ್ರಹ, ಸೆಪ್ಟಿಮ್‌ಗಳೆಲ್ಲ ಒಂದೇ ಮನೆತನದವರಾದ್ದರಿಂದ ಜನ ಅದನ್ನು ವಂಶದ ಸೊತ್ತು ಎಂದುಕೊಂಡಿದ್ದಾರೆ. ಅನುಗ್ರಹ ಮೊದಲೋ, ದೀಪ ಹೊತ್ತಿಸಿದ್ದಕ್ಕೆ ಅನುಗ್ರಹ ಇಳಿಯಿತೋ ಎಂಬುದನ್ನು ಮಾತ್ರ ಅದು ದೈವರಹಸ್ಯ ಎಂದು ಬಿಟ್ಟುಬಿಡುತ್ತದೆ.

ಎರಡು ದಿನಾಂಕಗಳ ಉಪಯೋಗ ಇಲ್ಲಿ ಬರುತ್ತದೆ. ಕಥೆಯೊಳಗೆ ಆ ಪುಸ್ತಕದ ವರ್ಷ ಮೂರನೇ ಯುಗ 360. ಬರೆದವಳು ವೇನನ್ ಪ್ರಯರಿ ಎಂಬ ಮಠದ ಮುಖ್ಯಸ್ಥೆ ಎಮೆಲೀನ್ ಮ್ಯಾಡ್ರೀನ್. ಮುಂದೆ ಮಾರ್ಟಿನ್‌ನ ಹುಟ್ಟಿನ ಗುಟ್ಟು ಕಾಪಾಡಿದ ಜಾಫ್ರೆ ಇರುವುದೂ ಅದೇ ಪ್ರಯರಿಯಲ್ಲಿ. ಅಂದರೆ ಗುಟ್ಟು ಬಲ್ಲ ಪಂಥದವರಿಗೆ ಆಬ್ಲಿವಿಯನ್ ಸಂಕಟಕ್ಕೆ 73 ವರ್ಷ ಮೊದಲೇ ಈ ಅರಿವಿತ್ತು ಎಂದಾಗುತ್ತದೆ. ನಮ್ಮ ಲೋಕದಲ್ಲಿ ಮಾತ್ರ ಅದು ಬಂದದ್ದು 2011ರಲ್ಲಿ, ಆಬ್ಲಿವಿಯನ್ ಆದ ಐದು ವರ್ಷಕ್ಕೆ. ಸರಳವಾಗಿ ಹೇಳಿದರೆ ತೇಪೆ. ಆದರೆ ಅಲೆಸಿಯಾ, ರೆಮಾನ್, ಟೈಬರ್ ಮೂವರ ನಂಟಿಗೆ ಆಧಾರವಿಲ್ಲ ಎಂಬ ಹಳೆಯ ಸಂಗತಿಯ ಮೇಲೆಯೇ ಹೊಲಿದ ತೇಪೆಯಾದ್ದರಿಂದ ಕಿತ್ತುಬರುವುದಿಲ್ಲ. ಇದನ್ನು ಧೈರ್ಯವಾಗಿ ಬಳಸಿ.

ಕಟರೈಯಾ, ಯೂರಿಯಲ್ IV ಕಾಲದಲ್ಲಿ ಡ್ರ್ಯಾಗನ್‌ಫೈರ್ಸ್ ಉರಿಯುತ್ತಿದ್ದವೇ ಎಂದರೆ, ಉರಿಯುತ್ತಲೇ ಇದ್ದಿರಬೇಕು; ಇಲ್ಲದಿದ್ದರೆ ಸುಮಾರು 90 ವರ್ಷ ಆಬ್ಲಿವಿಯನ್ ಬಾಗಿಲು ತೆರೆದಿರಬೇಕಿತ್ತು. ಅಂಥ ಸುದ್ದಿ ಎಲ್ಲೂ ಇಲ್ಲ. ರಕ್ತವೊಂದೇ ಕೀಲಿಕೈ ಎನ್ನುವವರು ಉತ್ತರಿಸಬೇಕಾದ ಪ್ರಶ್ನೆ ಇದು. ಅನುಗ್ರಹ ಎಂದು ಒಪ್ಪುವವರಿಗೆ ಇಲ್ಲಿ ತೊಂದರೆಯೇ ಇಲ್ಲ.

ಬ್ಯಾರೆಂಜೈಯಾ ವಿಷಯವನ್ನು ನೀವು ಕೇಳಿಲ್ಲ, ಆದರೆ ಟೈಬರ್‌ನ ಸಂಸಾರ ಬರೆಯುವವರು ಅದನ್ನು ದಾಟಿ ಹೋಗಲಾರರು. ‘ರಿಯಲ್ ಬ್ಯಾರೆಂಜೈಯಾ’ ಎಂಬ ಐದು ಭಾಗದ ಪುಸ್ತಕ, ಈ ಡಾರ್ಕ್ ಎಲ್ಫ್ ರಾಣಿ ಟೈಬರ್‌ನಿಂದ ಬಸುರಾಗಿದ್ದಳು, ಅವನು ಬಲವಂತದಿಂದ ಬಸಿರು ತೆಗೆಸಿದ ಎನ್ನುತ್ತದೆ. ಸಾಮ್ರಾಜ್ಯದ ಗುಮಾಸ್ತ ಸ್ಟರ್ನ್ ಗ್ಯಾಂಬೋಜ್ ಬರೆದ ಅಧಿಕೃತ ಜೀವನಚರಿತ್ರೆಯಲ್ಲಿ ಇದರ ಸೊಲ್ಲೇ ಇಲ್ಲ. ಇಲ್ಲಿ ಯಾರಿಗೆ ಲಾಭ ಎಂಬುದು ಬೆಳಕಿನಷ್ಟು ನಿಚ್ಚಳ. ಮಾರೋವಿಂಡ್‌ನ ಟ್ರೈಬ್ಯೂನಲ್ ವಿಸ್ತರಣೆಯಲ್ಲಿ ಆ ಪುಸ್ತಕದ ನಿಜವಾದ ಲೇಖಕ ಪ್ಲಿಟಿನಿಯಸ್ ಮೀರೊ ಮೌರ್ನ್‌ಹೋಲ್ಡ್ ಅರಮನೆಯಲ್ಲೇ, ಅದೇ ರಾಣಿಯ ಆಶ್ರಯದಲ್ಲಿ ಇರುತ್ತಾನೆ. ತನ್ನ ಬಗ್ಗೆ ಹೀಗೆಲ್ಲ ಬರೆದವನನ್ನು ರಾಣಿ ಮನೆಯಲ್ಲಿಟ್ಟು ಸಾಕುತ್ತಾಳೆಂದರೆ ಬರೆದದ್ದು ಪೂರ್ತಿ ಸುಳ್ಳಾಗಿರಲಾರದು. ಹುಟ್ಟದ ಮಗುವಿಗೆ ಮರದಲ್ಲಿ ಜಾಗವಿಲ್ಲ, ಅಡಿಟಿಪ್ಪಣಿ ಸಾಕು. ಒಂದು ಎಚ್ಚರಿಕೆ: ಈ ಪುಸ್ತಕದ ಡ್ಯಾಗರ್‌ಫಾಲ್ ಪಠ್ಯಕ್ಕೂ ನಂತರದ ಗೇಮ್‌ಗಳ ಪಠ್ಯಕ್ಕೂ ವ್ಯತ್ಯಾಸವಿದೆ, ಕೆಲವು ಭಾಗ ಕತ್ತರಿಸಿದ್ದಾರೆ. ಯಾವ ಗೇಮ್‌ನ ಪಠ್ಯ ಎಂದು ಬರೆಯದೆ ಉಲ್ಲೇಖಿಸಿದರೆ ಇನ್ನೊಬ್ಬರು ತಾಳೆ ನೋಡುವಾಗ ನೀವೇ ಸುಳ್ಳು ಹೇಳಿದಂತೆ ಕಾಣುತ್ತದೆ.

ತಾಳೆ ನೋಡುವ ಕೆಲಸಕ್ಕೆ ವಿಕಿಯ ಸಾರಾಂಶ ಪುಟ ನಂಬಬೇಡಿ. ‘ಟೈಬರ್ ಸೆಪ್ಟಿಮ್’ ಎಂಬ ಪುಟದಲ್ಲಿ ಇಪ್ಪತ್ತು ಆಕರಗಳನ್ನು ಒಂದೇ ಕಥೆಯಂತೆ ಹೆಣೆದಿರುತ್ತಾರೆ. ಹೆಣೆಯುವಾಗ ‘ಎನ್ನುತ್ತಾರೆ’ ಎಂಬುದು ‘ಆಯಿತು’ ಆಗಿಬಿಡುತ್ತದೆ. ಮೂಲ ಪಠ್ಯದ ಪುಟಕ್ಕೇ ಹೋಗಿ. ಪಿಸಿಯಲ್ಲಿ ಆಡುವವರಾದರೆ ಇನ್ನೂ ಖಚಿತ ದಾರಿಯಿದೆ: ಆಬ್ಲಿವಿಯನ್‌ನ ಕನ್‌ಸ್ಟ್ರಕ್ಷನ್ ಸೆಟ್ ಅಥವಾ ಸ್ಕೈರಿಮ್‌ನ ಕ್ರಿಯೇಷನ್ ಕಿಟ್ ಎಂಬ ಎಡಿಟರ್ ತೆರೆದು, ಆಟದ ಮುಖ್ಯ ಫೈಲ್ ಮಾತ್ರ ಲೋಡ್ ಮಾಡಿ, ಪುಸ್ತಕಗಳ ವಿಭಾಗದಲ್ಲಿ ಹೆಸರು ಹುಡುಕಿ ಪಠ್ಯ ಓದಿ. ಪಾತ್ರಗಳ ವಿಭಾಗದಲ್ಲಿ ಪ್ರತಿಯೊಬ್ಬರ ಕುಲವೂ ನಮೂದಾಗಿರುತ್ತದೆ. ಮಾಡ್ ಫೈಲ್‌ಗಳನ್ನು (ಆಟಗಾರರು ಮಾಡಿದ ಮಾರ್ಪಾಡುಗಳನ್ನು) ಟಿಕ್ ಮಾಡಬೇಡಿ, ಏನನ್ನೂ ಸೇವ್ ಮಾಡದೆ ಮುಚ್ಚಿ. ಮಾಡ್ ತುಂಬಿದ ಆಟದಲ್ಲಿ ಪುಸ್ತಕ ಓದಿ, ‘ಆಟದಲ್ಲೇ ಹೀಗಿದೆ’ ಎಂದು ವಾದಿಸಿ ಸೋತವರು ಬಹಳ. ಇನ್ನು ಹಿಂದಿನ ಡೆವಲಪರ್‌ಗಳು ಗೇಮ್‌ನ ಹೊರಗೆ ಬರೆದ ಪಠ್ಯಗಳು. ಅವು ರುಚಿಕಟ್ಟಾಗಿರುತ್ತವೆ, ಹೊಳಹೂ ಕೊಡುತ್ತವೆ. ಆದರೆ ಮರದ ಗೆರೆಗೆ ಅವನ್ನು ಆಧಾರ ಮಾಡಬೇಡಿ. ಪಕ್ಕದ ಟಿಪ್ಪಣಿಯಲ್ಲಿ ಇರಲಿ.

ಗೆರೆ ಎಳೆಯುವಾಗ ಆಟದಲ್ಲಿ ಕಣ್ಣಾರೆ ನಡೆದದ್ದಕ್ಕೆ ದಪ್ಪ ಗೆರೆ, ಅಧಿಕೃತ ಪುಸ್ತಕದ ಮಾತಿಗೆ ತೆಳು ಗೆರೆ, ಪಕ್ಷಪಾತಿ ಸಾಕ್ಷಿಯ ಮಾತಿಗೆ ಚುಕ್ಕೆಗೆರೆ ಇಟ್ಟುಕೊಂಡರೆ ನೋಡಿದವರಿಗೆ ಜಗಳ ಎಲ್ಲೆಲ್ಲಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಡೀ ಮರದಲ್ಲಿ ದಪ್ಪ ಗೆರೆಗೆ ಅರ್ಹವಾದದ್ದು ಬಹಳ ಕಡಿಮೆ. ಯೂರಿಯಲ್ VIIನಿಂದ ಮಾರ್ಟಿನ್‌ಗೆ ಎಳೆಯುವ ಗೆರೆ ಅಂಥದ್ದು: ಜಾಫ್ರೆಯ ಮಾತಿದೆ, ಅಮ್ಯುಲೆಟ್ ಧರಿಸಿದ್ದಿದೆ, ಕೊನೆಗೆ ಟೆಂಪಲ್ ಆಫ್ ದಿ ಒನ್‌ನಲ್ಲಿ ಅವನು ಅಮ್ಯುಲೆಟ್ ಒಡೆದು ಅಕಟೋಶ್‌ನ ರೂಪ ತಾಳುವುದನ್ನು ಆಟಗಾರನೇ ನೋಡುತ್ತಾನೆ. ವಿವಾಹದ ಹೊರಗೆ ಹುಟ್ಟಿದವನು ಎಂಬ ಗುರುತು ಮಾತ್ರ ಬಿಡಬೇಡಿ, ತಾಯಿಯ ಜಾಗ ಖಾಲಿ ಇರಲಿ.

ಕೊನೆಗೆ ಮ್ಯಾಂಕರ್ ಕ್ಯಾಮೊರನ್. ಆಬ್ಲಿವಿಯನ್‌ನ ಈ ಖಳನಾಯಕ ತನ್ನ ‘ಪ್ಯಾರಡೈಸ್’ನಲ್ಲಿ ಅದೇ ಅಮ್ಯುಲೆಟ್ ಆಫ್ ಕಿಂಗ್ಸ್ ಕೊರಳಲ್ಲಿ ಹಾಕಿಕೊಂಡು ನಿಂತಿರುತ್ತಾನೆ, ಕೊಂದಮೇಲೆ ಅವನ ಮೈಮೇಲಿಂದಲೇ ನೀವು ಅದನ್ನು ತೆಗೆದುಕೊಳ್ಳುವುದು. ಆಟದ ಆರಂಭದಲ್ಲಿ ಅದೇ ಅಮ್ಯುಲೆಟ್ ಆಟಗಾರನ ಕೈಯಲ್ಲಿದ್ದಾಗ ಧರಿಸಲು ಆಗುವುದಿಲ್ಲ. ‘ಹಾಗಾದರೆ ಮ್ಯಾಂಕರ್‌ನೂ ಗುಟ್ಟಾಗಿ ಸೆಪ್ಟಿಮ್’ ಎಂಬ ವಾದ ಇಲ್ಲಿಂದಲೇ ಹುಟ್ಟಿದೆ. ಅದಕ್ಕೆ ಒಂದೇ ಒಂದು ಸಾಲಿನ ಆಧಾರವೂ ಇಲ್ಲ. ಮುಖ್ಯ ಕ್ವೆಸ್ಟ್ ಇದಕ್ಕೆ ಕಾರಣ ಕೊಡುವುದಿಲ್ಲ, ರಕ್ತವೇ ಕೀಲಿಕೈ ಎಂಬ ವಾದವನ್ನು ಇನ್ನಷ್ಟು ಸಡಿಲ ಮಾಡುತ್ತದೆ ಅಷ್ಟೇ. ಅವನ ಮನೆತನ ವ್ಯಾಲೆನ್‌ವುಡ್‌ನ ಕ್ಯಾಮೊರನ್‌ಗಳದು, ವುಡ್ ಎಲ್ಫ್‌ಗಳ ರಾಜಮನೆ. ಆಟದ ದತ್ತಾಂಶದಲ್ಲಿ ಅವನ ಕುಲ ಹೈ ಎಲ್ಫ್ ಎಂದಿದೆ. ಅದು ಬೇರೆಯದೇ ಗಂಟು. ಅವನಿಗೆ ಬೇರೆ ಹಾಳೆ ತೆಗೆಯಿರಿ, ಸೆಪ್ಟಿಮ್ ಮರದ ಯಾವ ಕೊಂಬೆಗೂ ಅಂಟಿಸಬೇಡಿ.